ಊಳಿಡುವ ಕಟ್ಟಡಕ್ಕೊಂದು ಬಿರಡೆ

ಹೆಣ್ಣು ಕೊಡುವಾಗ ಮಬ್ರೂಕ್ ಮಾವ ಕೇಳಿದ್ದು ಒಂದೇ. "ಚಿನ್ನ ಒಂದೆಳೆ ಕಮ್ಮಿ ಹಾಕು, ಬೇಜಾರಿಲ್ಲ. ನನ್ನ ಮಗಳ ನಿದ್ದೆ ಮಾತ್ರ ಕೆಡಬಾರದು. ಜೀವಮಾನವೆಲ್ಲ ರೈಲು ಓಡಿಸಿ ನಿದ್ದೆಗೆಟ್ಟೋನು ನಾನು, ಅದರ ಬೆಲೆ ನಂಗೊತ್ತು."

ಝುಬೀರ್ ಎದೆಯ ಮೇಲೆ ಕೈಯಿಟ್ಟು, "ನನ್ನ ಮನೇಲಿ ನಿಮ್ಮ ಮಗಳ ನಿದ್ದೆ ಕೆಡಲ್ಲ ಮಾವ," ಎಂದು ಮಾತು ಕೊಟ್ಟಿದ್ದ. ಆಗ ಅವನಿಗೆ ಮನೆಯೇ ಇರಲಿಲ್ಲವಾದ್ದರಿಂದ ಮಾತು ಕೊಡುವುದು ಸುಲಭವಾಗಿತ್ತು.

ವರ್ಷಗಟ್ಟಲೆ ಕಾದ ಮೇಲೆ ಕಾನ್‌ಸ್ಟಂಟೀನ್ ನಗರದ ಹೊರಗೆ, ಗುಡ್ಡದ ನೆತ್ತಿಯ ಹೊಸ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಮನೆ ಸಿಕ್ಕಿತು. ಬಾಲ್ಕನಿಗಳಿಗೆಲ್ಲ ಟೊಳ್ಳು ಕೊಳವೆಯ ಕಂಬಿ, ಕೊಳವೆಗಳಿಗೆಲ್ಲ ಸಾಲು ತೂತು. ಗುಡ್ಡದ ಗಾಳಿ ನುಗ್ಗಿದರೆ ಸಾಕು, ಇಡೀ ಕಟ್ಟಡ ಹೊಟ್ಟೆನೋವು ಬಂದ ಒಂಟೆಯ ಹಾಗೆ 'ಹೂಂ... ಊಂ...' ಎಂದು ನರಳುತ್ತಿತ್ತು. ಮಗು ಹುಟ್ಟಿದ ಮೇಲಂತೂ ಹೆಂಡತಿ ವಸೀಲಾಳ ಕಣ್ಣಿನ ಕೆಳಗೆ ಕಪ್ಪುಗಟ್ಟಿತು. ಹೋದ ವಾರ ಅವಳು ಮಗುವನ್ನೆತ್ತಿಕೊಂಡು ಹಳ್ಳಿಯ ತವರಿಗೆ ಹೊರಟೇಬಿಟ್ಟಳು. "ಒಂದೋ ಈ ಕಟ್ಟಡ ಬಾಯಿ ಮುಚ್ಚಬೇಕು, ಇಲ್ಲಾ ನಾನು ಅಲ್ಲೇ ಇರ್ತೀನಿ," ಎಂದಳು ಮೆಟ್ಟಿಲಿಳಿಯುತ್ತ.

ಈ ದಿನ ಬೆಳಿಗ್ಗೆ ಮಾವನ ಫೋನು ಬಂತು. "ಸಂಜೆ ಅವಳನ್ನ ಕರ್ಕೊಂಡು ಬರ್ತಿದ್ದೀನಿ. ಆ ಕಟ್ಟಡದ ವಿಷಯ ಇವತ್ತೇ ಇತ್ಯರ್ಥ ಆಗ್ಬೇಕು." ಹೆಚ್ಚು ಕೇಳಲು ಝುಬೀರನಿಗೆ ಧೈರ್ಯವಾಗಲಿಲ್ಲ. ಅಂಚೆ ಕಚೇರಿಗೆ ಜ್ವರವೆಂದು ಹೇಳಿ ಕಳಿಸಿ, ಅಂಟು ಟೇಪಿನ ಸುರುಳಿ ಕೈಗೆತ್ತಿಕೊಂಡ.

ತನ್ನ ಬಾಲ್ಕನಿಯ ತೂತುಗಳನ್ನೆಲ್ಲ ಮುಚ್ಚಿದ. ನರಳಾಟ ನಿಲ್ಲಲಿಲ್ಲ, ಅದರ ಜೊತೆಗೊಂದು ಚೀರಾಟ ಸೇರಿಕೊಂಡಿತು. ಮೇಲಿನ ಮಹಡಿಯಿಂದ ಹಾಜಿ ಅಲ್ಲಾವಾ ಇಣುಕಿದರು. ಊರಿನ ಮದುವೆಗಳಲ್ಲಿ ಮಾಲೂಫ್ ಎಂಬ ಹಳೇ ಸಂಗೀತದ ಹಾಡುಗಾರರಿಗೆ ಪಿಟೀಲು ನುಡಿಸಿಯೇ ಗಡ್ಡ ನೆರೆಸಿಕೊಂಡವರು.

"ಏನಯ್ಯಾ ಮಾಡ್ದೆ? ನೆನ್ನೆವರೆಗೂ ಒಂದೇ ಅಪಸ್ವರ ಇತ್ತು."

"ಎಲ್ಲರ ತೂತೂ ಮುಚ್ಚಿದ್ರೆ ಸರಿಹೋಗುತ್ತೆ ಹಾಜಿ. ನಿಮ್ಮದಕ್ಕೂ ಹಾಕ್ಲಾ?"

"ಹಾಕು. ಆದ್ರೆ ನಾನು ಹೇಳಿದ್ದಕ್ಕೆ ಮಾತ್ರ."

ಹಾಜಿ ಕುರ್ಚಿ ಹಾಕಿಕೊಂಡು ಕೂತು ಕಣ್ಣು ಮುಚ್ಚಿದರು. "ಎಡಗಡೆ ಮೂರನೇದು. ಅಲ್ಲ ಅಲ್ಲ, ತೆಗಿ. ಈಗ ಅದರ ಪಕ್ಕದ್ದು." ಝುಬೀರ್ ಕೊಳಲಿನ ಮೇಲೆ ದಾರಿ ತಪ್ಪಿದ ಇರುವೆಯಂತೆ ಮಹಡಿಯಿಂದ ಮಹಡಿಗೆ ಓಡಿದ. ಎಂಟನೇ ಮಹಡಿಗೆ ಬರುವಷ್ಟರಲ್ಲಿ ಟೇಪು ಮುಗಿಯಿತು.

"ಟೇಪ್ಯಾಕೋ? ರೊಟ್ಟಿಗೆ ಕಲಸಿದ ಹಿಟ್ಟಿದೆ," ಎಂದು ಅಲ್ಲಿಯ ಹೂರಿಯಾ ಖಾಲಾ ಬೋಗುಣಿಯನ್ನೇ ತಂದಿಟ್ಟರು. ಹಿಟ್ಟು ಮೆತ್ತಿದ್ದೇ ತಡ, ಗುಡ್ಡದ ಪಾರಿವಾಳಗಳೆಲ್ಲ ನೆಂಟರ ಹಾಗೆ ಬಂದಿಳಿದವು. ಅವು ಒಂದೊಂದು ತೂತು ಕುಕ್ಕಿದಾಗಲೂ ಕಟ್ಟಡ ಬಿಕ್ಕಳಿಸಿತು. ಝುಬೀರ್ ಟವೆಲು ಬೀಸಿ ಓಡಿಸುತ್ತಿದ್ದುದನ್ನು ನೋಡಿ ಖಾಲಾ ನಿಟ್ಟುಸಿರಿಟ್ಟರು.

"ನಿನ್ನ ಹೆಂಡ್ತಿ ಹೋಗಿದ್ದು ಗಾಳಿ ಕಾಟಕ್ಕಲ್ಲ ಅನ್ಸುತ್ತೆ ಕಣಪ್ಪ."

"ಮತ್ಯಾಕೆ ಖಾಲಾ?"

"ಇರಲಿ ಬಿಡು. ಮೇಣ ತಗೊಂಬಾ."

ಮೇಣದಬತ್ತಿ, ಸೋಪಿನ ಚೂರು, ಹಳೇ ಕಾಲುಚೀಲ, ಯಾರದೋ ಅಗಿದ ಚೂಯಿಂಗ್ ಗಮ್ಮು, ಎಲ್ಲವೂ ಕೊಳವೆ ಸೇರಿದವು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕಟ್ಟಡ ಬಾಯಿ ಮುಚ್ಚಿತು. ಜನ ಬಾಲ್ಕನಿಗೆ ಬಂದು ಸುಮ್ಮನೆ ನಿಂತರು. ತಮ್ಮ ಮನೆಯ ಗೋಡೆ ಗಡಿಯಾರ ಟಿಕ್‌ಟಿಕ್ ಅನ್ನುತ್ತದೆಂದು ಹೂರಿಯಾ ಖಾಲಾಗೆ ಅಂದೇ ಗೊತ್ತಾಗಿದ್ದು; ಅವರು ಕಣ್ಣೊರೆಸಿಕೊಂಡರು. "ಇನ್ಮೇಲೆ ಇದನ್ನ ಯಾರು ಬಿಚ್ತಾರೋ ಅವರ ಬೆರಳು ಮುರೀತೀನಿ," ಎಂದರು ಹಾಜಿ.

ಆಗ ಕೆಳಗಿನಿಂದ ಮಗುವಿನ ಅಳು ಮೆಟ್ಟಿಲು ಹತ್ತಿ ಬಂತು. ಹಿಂದೆಯೇ ವಸೀಲಾ, ಅವಳ ಹಿಂದೆ ಮಾವ. ಇಬ್ಬರ ಕಣ್ಣೂ ಬೆಂದ ಟೊಮೇಟೊ ಆಗಿದ್ದವು.

ಝುಬೀರ್ ಬಾಗಿಲಲ್ಲೇ ಬೀಗಿದ. "ಕೇಳಿ ಮಾವ."

"ಏನನ್ನ?"

"ಏನೂ ಕೇಳಿಸ್ತಿಲ್ಲ ಅಲ್ವಾ? ಅದನ್ನೇ."

ವಸೀಲಾ ಹೊಸ್ತಿಲ ಮೇಲೆಯೇ ಕುಸಿದಳು. "ಅಯ್ಯೋ ಮಹಾರಾಯ, ನಿಲ್ಲಿಸ್ಬಿಟ್ಯಾ?"

ಮಾವ ಅಳುವ ಮೊಮ್ಮಗನನ್ನು ಅಳಿಯನ ಕೈಗೆ ತುರುಕಿದರು. "ಹುಟ್ಟಿದಾಗಿಂದ ಈ ಊಳು ಕೇಳ್ಕೊಂಡೇ ಮಲಗಿರೋ ಕೂಸಿದು. ನಮ್ಮ ಹಳ್ಳೀಲಿ ಅಂಜೂರ ಉದುರಿದ್ರೂ ಕೇಳ್ಸುತ್ತೆ. ವಾರದಿಂದ ಇವನು ಮಲಗಿಲ್ಲ, ಇವಳು ಮಲಗಿಲ್ಲ, ನಾನು ಮಲಗಿಲ್ಲ, ನಮ್ಮ ಕತ್ತೆನೂ ಮಲಗಿಲ್ಲ. ಮೊದಲು ಕೂಗ್ಸು ಈ ಕಟ್ಟಡಾನ."

ಝುಬೀರ್ ತನ್ನ ಬಾಲ್ಕನಿಯ ಟೇಪು ಕಿತ್ತ. ಒಂಟಿ ಕಂಬಿ ಇಲಿಯಂತೆ ಕೀಚ್ ಎಂದಿತು. ಮಗು ಅದಕ್ಕಿಂತ ಎತ್ತರದಲ್ಲಿ ಕಿರುಚಿತು. ಕೆಳಗೋಡಿದರೆ ಹೂರಿಯಾ ಖಾಲಾ ಲಟ್ಟಣಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ಮೇಲೋಡಿದರೆ ಹಾಜಿ ನಿಶ್ಶಬ್ದದ ಖುಷಿಗೆ ಒಳಗಿನಿಂದ ಚಿಲಕ ಹಾಕಿ ಪಿಟೀಲು ನುಡಿಸುತ್ತಿದ್ದರು.

ಬರಿಗೈಯಲ್ಲಿ ಬಂದ ಅಳಿಯನನ್ನು ಮಾವ ತೊಟ್ಟಿಲ ಮುಂದೆ ಕೂರಿಸಿದರು. "ಹಾಗಾದ್ರೆ ನೀನೇ ಊಳಿಡು."

ಝುಬೀರ್ ಬಗ್ಗಿ, "ಹೂಂ... ಊಂ..." ಎಂದ. ಮಗು ಬಾಯಿ ಮುಚ್ಚಿತು. ಉಸಿರೆಳೆಯಲು ನಿಲ್ಲಿಸಿದರೆ ಒಂದು ಕಣ್ಣು ತೆರೆಯಿತು. ಮತ್ತೆ ಹೂಂ ಎಂದ. ವಸೀಲಾ ಚಪ್ಪಲಿಯನ್ನೂ ಬಿಚ್ಚದೆ ದಿವಾನದ ಮೇಲೆ ಒರಗಿದಳು. ಮಾವ ಗೋಡೆಗೆ ತಲೆಯಾನಿಸಿ ಬಾಯಿ ತೆರೆದುಕೊಂಡೇ ನಿದ್ದೆಹೋದರು.

ಬಾಗಿಲು ಮೆಲ್ಲಗೆ ಸರಿಯಿತು. ಹಾಜಿ ಕಿವಿ ನಿಮಿರಿಸಿ, ಟೇಪು ಹಿಡಿದು ನಿಂತಿದ್ದರು. "ಎಲ್ಲೋ ಒಂದು ತೂತು ಉಳ್ಕೊಂಡಿದೆ ಕಣಯ್ಯಾ," ಎಂದು ಪಿಸುಗುಟ್ಟಿದರು. ಹುಡುಕುತ್ತ ಹುಡುಕುತ್ತ ಝುಬೀರನ ಬಾಯಿಯ ಮುಂದೆ ಬಂದು ನಿಂತರು. ಟೇಪಿನ ತುಂಡನ್ನೂ ಹರಿದರು. ಆಮೇಲೆ ಮಲಗಿದವರನ್ನು ಒಮ್ಮೆ ನೋಡಿ, ಟೇಪು ಜೇಬಿಗಿಟ್ಟುಕೊಂಡು, ಕುರ್ಚಿ ಎಳೆದು ಕೂತು ಕಣ್ಣು ಮುಚ್ಚಿದರು.

"ಅರ್ಧ ಸ್ವರ ಕೆಳಗಿಳಿಸು."

ವಸೀಲಾಳ ನಿದ್ದೆ ಬೆಳಗಿನವರೆಗೂ ಕೆಡಲಿಲ್ಲ. ಝುಬೀರ್ ಮಾವನಿಗೆ ಕೊಟ್ಟ ಮಾತು ಉಳಿಸಿಕೊಂಡ.