ದಪ್ಪಣ್ಣ, ಸಪೂರಣ್ಣ ಮತ್ತು ಅಜ್ಜಯ್ಯನ ಜಾಗ

ನಾದಿನಿಯ ಮದುವೆಯ ಆಮಂತ್ರಣ ಕಾಗದವನ್ನು ನಾನೇ ಸಿದ್ಧಪಡಿಸುತ್ತೇನೆ ಎಂದಾಗ ನನಗೆ ಒಂದು ಚೂರೂ ಅಳುಕಿರಲಿಲ್ಲ. ಕೋಟೇಶ್ವರದಲ್ಲಿ ಡಿಟಿಪಿ ಅಂಗಡಿ ಇಟ್ಟವನು ನಾನು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ನೆಂಟರ ಹೆಸರು, ವಯಸ್ಸು, ಊರನ್ನೆಲ್ಲ ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಕಡತವೊಂದರಲ್ಲಿ ತುಂಬಿಸಿಟ್ಟಿದ್ದೇನೆ. ಅದನ್ನು ಬೇಕಾದ ರೂಪಕ್ಕೆ ತಿರುಗಿಸುವ ತಂತ್ರಾಂಶವೂ ಇದೆ. ಒಂದಲ್ಲ, ಎರಡು!

“ಹದಿನೈದ್ ಹೆಸ್ರ್ ಕೈಯಂಗೇ ಹೊಡುಕಾತಿಲ್ಯಾ?” ಎಂದಳು ಹೆಂಡತಿ ಜಲಜ. “ಅಜ್ಜಯ್ಯನ ಹೆಸ್ರ್ ಎಲ್ಲರ್ಕಿಂತ ಮೇಲ್ ಇರ್ಕ್. ಇಲ್ದಿರೆ ಅವ್ರ್ ಚಪ್ರಕ್ಕೆ ಕಾಲ್ ಹಾಕುದಿಲ್ಲ ಕಾಣಿ.”

ಅಜ್ಜಯ್ಯ ಎಂದರೆ ಸಿದ್ದಾಪುರದಲ್ಲಿರುವ ಅವಳ ಅಜ್ಜ. ವಯಸ್ಸು ನೂರಾ ಒಂದು. ಆ ಮನೆಯ ಯಾವ ಕಾಗದದಲ್ಲೂ ‘ಆಗಮನ ಬಯಸುವವರು’ ಎಂಬಲ್ಲಿ ಅವರದೇ ಮೊದಲ ಹೆಸರು.

ಕೈಯಲ್ಲಿ ಟೈಪ್ ಹೊಡೆಯುವುದೇ? ಛೇ! ಆ ಮನೆಯ ಹದಿನೈದು ಹೆಸರನ್ನು ಹಿರಿಯರಿಂದ ಕಿರಿಯರಿಗೆ ವಯಸ್ಸಿನಂತೆ ಜೋಡಿಸು ಎಂದು ಆಜ್ಞೆ ಬರೆದೆ. ಎರಡು ತಂತ್ರಾಂಶಗಳಲ್ಲಿ ಯಾವುದು ನಿಯಮ ಪಾಲಿಸುತ್ತದೆ, ಯಾವುದು ಕಡಿಮೆ ಮೆಮೊರಿ ತಿನ್ನುತ್ತದೆ ಎಂಬ ತುಲನಾತ್ಮಕ ಪರೀಕ್ಷೆಯನ್ನು ವಿಧ್ಯುಕ್ತವಾಗಿ ಆರಂಭಿಸಿದೆ.

ಮೊದಲನೆಯದಕ್ಕೆ ದಪ್ಪಣ್ಣ ಎಂದು ಹೆಸರಿಟ್ಟೆ. ಅವನು ಕಡತದ ಅಷ್ಟೂ ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ. ಲ್ಯಾಪ್‌ಟಾಪ್ ಮೀನಿನ ದೋಣಿಯಂತೆ ಗುಡುಗಿ ಕಲ್ಲಾಗಿ ಹೋಯಿತು. ಆಫ್ ಮಾಡಿ, ಆನ್ ಮಾಡಿ, ದೇವರಿಗೆ ಕೈ ಮುಗಿದ ಮೇಲೆ ಉತ್ತರ ಕೊಟ್ಟ. ಎರಡನೆಯವನು ತೆಳ್ಳಗಿನ ಸಪೂರಣ್ಣ. ಬೇಕಾದ ಹದಿನೈದು ಜನರನ್ನಷ್ಟೇ ಕರೆದು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿದ.

ಇಬ್ಬರ ಉತ್ತರವನ್ನೂ ಕಂಪ್ಯೂಟರಿನಲ್ಲೇ ಹೋಲಿಸಿದೆ. ಒಂದಕ್ಷರ ವ್ಯತ್ಯಾಸವಿಲ್ಲ! ನನಗೆ ಮೈ ಜುಮ್ಮೆಂದಿತು. ಎಲ್ಲೋ ಕೂತ, ಒಬ್ಬರ ಮುಖ ಒಬ್ಬರು ಕಾಣದ ಜನ ಒಂದೇ ನಿಯಮ ಓದಿ ಬರೆದ ಎರಡು ತಂತ್ರಾಂಶಗಳು ನಮ್ಮ ಸಿದ್ದಾಪುರದ ಮನೆಯ ಬಗ್ಗೆ ಒಂದೇ ಮಾತು ಹೇಳುತ್ತಿವೆ. ಆ ಭಕ್ತಿಯಲ್ಲಿ ಹೆಸರುಗಳನ್ನು ಓದುವುದೊಂದು ಬಿಟ್ಟುಹೋಯಿತು. ನೇರ ಪ್ರೆಸ್ಸಿಗೆ ಕಳಿಸಿದೆ.

ಅಚ್ಚಾಗಿ ಬಂದ ಕಾಗದದ ಕಟ್ಟು ಬಿಚ್ಚಿದ ಜಲಜ ಕೂಗಿದಳು: “ಹ್ವಾಯ್! ಇದೆಂತ ಮಾರ್ರೆ?”

ಮೊದಲ ಹೆಸರು ಭಾವನ ಮಗಳು ಚಿ. ಸಾನ್ವಿ, ಒಂಬತ್ತು ವರ್ಷ. ಕಟ್ಟಕಡೆಗೆ, ಆರು ವರ್ಷದ ಅವಳ ತಮ್ಮನಿಗಿಂತಲೂ ಕೆಳಗೆ, ಅಜ್ಜಯ್ಯ!

ವಯಸ್ಸು ಎಂದರೆ ಸಂಖ್ಯೆ ಎಂದು ನಾನು ಆಜ್ಞೆಯಲ್ಲಿ ಹೇಳಿರಲಿಲ್ಲ. ಹೇಳದಿದ್ದರೆ ಅಕ್ಷರದಂತೆ ಎಣಿಸಬೇಕು ಎಂಬುದೇ ನಿಯಮ. ಅಕ್ಷರಕ್ಕೆ ಮೊದಲ ಅಂಕಿಯೇ ಮುಖ್ಯ. ಸಾನ್ವಿಯ ಒಂಬತ್ತು ಹಿರಿದು, ನೂರಾ ಒಂದರ ಮೊದಲಿಗಿರುವ ಒಂದು ಕಿರಿದು. ಇಬ್ಬರೂ ಮಹಾನುಭಾವರು ಕೂದಲೆಳೆಯಷ್ಟೂ ನಿಯಮ ತಪ್ಪಿರಲಿಲ್ಲ.

ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಮೊದಲ ಕಾಗದ ಅಜ್ಜಯ್ಯನಿಗೇ ಕೊಡಬೇಕು. ಸಿದ್ದಾಪುರದ ಬಸ್ಸಿನಲ್ಲಿ ಜಲಜ ನನ್ನ ಪಕ್ಕ ಕೂರಲಿಲ್ಲ. ಅಜ್ಜಯ್ಯ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಹೆಸರು ಇಳಿಯತೊಡಗಿದರು. ನನ್ನ ಜೀವವೂ ಜೊತೆಗೇ ಇಳಿಯಿತು. ತಳ ಮುಟ್ಟಿ ಕನ್ನಡಕ ತೆಗೆದರು.

“ಹಂಗಾರೆ ಈ ಮನಿಯಂಗೆ ನಾನೇ ಸಣ್ಣವ?” ಎಂದರು. ಆಮೇಲೆ ಬೊಚ್ಚುಬಾಯಿ ತುಂಬ ನಗು! “ಜಲಜಾ, ಇನ್ ನಂಗೆ ಕಷಾಯ ಬ್ಯಾಡ. ಐಸ್‌ಕ್ರೀಮ್ ತಾ. ಮದಿಗೆ ನಾನ್ ಬತ್ತೆ, ಆರೆ ಸಾನ್ವಿ ಬಂದ್ ಕರಿಕ್. ದೊಡ್ಡವ್ಳಲ್ದಾ!”

ಪರೀಕ್ಷೆಯ ವರದಿಯನ್ನು ವಾಪಸು ಬರುವ ಬಸ್ಸಿನಲ್ಲೇ ಪೂರ್ಣಗೊಳಿಸಿದೆ. ದಪ್ಪಣ್ಣ ಪಾಸು. ಸಪೂರಣ್ಣ ಪಾಸು. ಫೇಲಾದವನು ಪರೀಕ್ಷಕ!