ಪಾರಿವಾಳ ಕೇಳಿದವರಿಗೆ ನೆರಳು ಕೊಟ್ಟ ಯಂತ್ರಮಹಾಶಯರಿಗೆ

ಪಲಾಟ್ಸೊ ಬೆಲ್ಕಾರಿ ಚಿತ್ರಶಾಲೆಯಲ್ಲಿ ಬಂದವರೆಲ್ಲರ ಕೊರಳಿಗೆ ಜೋತುಬಿದ್ದು, ಪುನರುಜ್ಜೀವನ ಕಾಲದ ಕಲೆಯನ್ನು ಕಿವಿಗೆ ಹೊಯ್ಯುತ್ತ, ಪ್ರವಾಸಿಗಳನ್ನು ಕೋಣೆಯಿಂದ ಕೋಣೆಗೆ ನಡೆಸುವ ಮಾತಿನ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಫ್ಲಾರೆನ್ಸಿನ ಅರ್ನೋ ನದಿಯ ಈ ದಂಡೆಯಲ್ಲಿ ಗುಂಡಿ, ದಾರ, ಜಿಪ್ಪು ಮಾರಿಕೊಂಡು ಬದುಕುತ್ತಿರುವ ಒರೆತ್ತಾ ಫಾಂತೆಕಿ ಎಂಬ ನಾನು ಮಾಡುವ ವಂದನೆಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಕೊರಳಪಟ್ಟಿ ಹರಿಯದಿರಲಿ, ಆಗಸ್ಟ್ ತಿಂಗಳ ಪ್ರವಾಸಿಗಳ ಬೆವರು ತಮ್ಮ ಒಳಾಂಗಗಳಿಗೆ ಇಳಿಯದಿರಲಿ ಎಂದು ಮೊದಲು ಹಾರೈಸಿ, ಆಮೇಲೆ ನನ್ನ ದೂರಿಗೆ ಬರುತ್ತೇನೆ. ಈ ಪತ್ರವನ್ನು ತಮ್ಮ ಮೇಲಧಿಕಾರಿಗಳಿಗೇ ಬರೆಯಬಹುದಿತ್ತು, ಆದರೆ ಅವರನ್ನು ಕಾಣಲು ಹೋದಾಗ "ಪ್ರಶ್ನೆಗಳಿದ್ದರೆ ಯಂತ್ರವನ್ನು ಕೇಳಿ" ಎಂಬ ಫಲಕ ಮಾತ್ರ ಕಂಡದ್ದರಿಂದ ತಮಗೇ ತೊಂದರೆ ಕೊಡಬೇಕಾಗಿದೆ.

ತಮ್ಮ ಗುಣಗಾನ ಮಾಡದೆ ಮುಂದೆ ಹೋದರೆ ಕೃತಘ್ನಳಾದೇನು. ಹಿಂದೆ ಇಲ್ಲಿದ್ದ ಗೈಡುಗಳು ಛತ್ರಿ ಎತ್ತಿ ಹಿಡಿದು ಕೂಗಾಡುತ್ತಿದ್ದರು, ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು, ಇಸವಿಗಳನ್ನು ಹಿಂದುಮುಂದು ಮಾಡುತ್ತಿದ್ದರು, ಅರ್ಧದಲ್ಲೇ ಕಾಫಿ ಕುಡಿಯಲು ಮಾಯವಾಗುತ್ತಿದ್ದರು. ತಮಗೆ ಗಂಟಲೂ ಇಲ್ಲ, ಕಾಫಿಯ ಚಟವೂ ಇಲ್ಲ. ಮಿಲಾನಿನ ದಂತವೈದ್ಯರ ಹಾಗೆ ಅಷ್ಟು ಮೃದುವಾಗಿ, ಅಷ್ಟು ಸ್ವಚ್ಛವಾಗಿ ಮಾತಾಡುತ್ತೀರಿ. ಜಪಾನಿನವರಿಗೆ ಜಪಾನಿ, ಫಿನ್ನಿಷರಿಗೆ ಫಿನ್ನಿಷ್, ಯಾರು ಏನು ಕೇಳಿದರೂ ತಕ್ಷಣ ಉತ್ತರ. ಜಗತ್ತಿನಲ್ಲಿ ತಮಗೆ ಅರ್ಥವಾಗದ ಮಾತು ಒಂದೇ ಒಂದು, ಅದು ಈ ಚಿತ್ರಶಾಲೆ ನಿಂತಿರುವ ಊರಿನ ಮಾತು.

ವಿಷಯ ತಮಗೆ ಗೊತ್ತಿರಲಾರದು, ಆದ್ದರಿಂದ ವಿನಯದಿಂದ ಹೇಳುತ್ತೇನೆ. ಫ್ಲಾರೆನ್ಸಿನವರ ಬಾಯಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ‘ಕ’ಕಾರ ‘ಹ’ಕಾರವಾಗಿ ಹೊರಬರುತ್ತದೆ. ದೇಶವೆಲ್ಲ ಮನೆಗೆ ‘ಲಾ ಕಾಸಾ’ ಎಂದರೆ ನಾವು ‘ಲಾ ಹಾಸಾ’ ಎನ್ನುತ್ತೇವೆ. ಇಟಲಿಯ ಶಿಷ್ಟಭಾಷೆ ಹುಟ್ಟಿದ್ದೇ ನಮ್ಮ ಊರಲ್ಲಿ ಎಂದು ಶಾಲೆಯಲ್ಲಿ ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು, ಅವರೂ ‘ಹ’ಕಾರದಲ್ಲೇ ಹೇಳುತ್ತಿದ್ದರು. ಆ ಭಾಷೆ ದೊಡ್ಡದಾಗಿ, ಓದಿ, ತಮ್ಮ ಹೊಟ್ಟೆಯೊಳಗೆ ಸೇರಿಕೊಂಡು, ಈಗ ತವರಿಗೆ ಬಂದು ನೀವು ಯಾರು ಎಂದು ಕೇಳುತ್ತಿರುವುದು ನಮ್ಮ ಭಾಗ್ಯ.

ಇನ್ನು ನಮ್ಮ ತಂದೆಯವರ ವಿಚಾರ. ವಾಸ್ಕೊ ಫಾಂತೆಕಿ, ವಯಸ್ಸು ಎಂಬತ್ತು ದಾಟಿದೆ, ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಕಣ್ಣಿಗೆ ಒಂದು ವಿಚಿತ್ರ ರೋಗ ಬಂದಿದೆ. ನೇರವಾಗಿ ನೋಡಿದ್ದು ಕಾಣುವುದಿಲ್ಲ, ಅಂಚಿನಲ್ಲಿರುವುದು ಮಾತ್ರ ಕಾಣುತ್ತದೆ. ಚಿತ್ರದ ಮುಂದೆ ನಿಲ್ಲಿಸಿದರೆ ಚಿನ್ನದ ಚೌಕಟ್ಟು ಚೆನ್ನಾಗಿ ಕಾಣುತ್ತದೆ, ನಡುವೆ ಕೂತಿರುವ ಮೇರಿ ಮಾತೆ ಬರೀ ಬೂದಿಬಣ್ಣದ ಮೋಡ. ಉಳಿದಿರುವ ಅಂಚೂ ಚಳಿಗಾಲ ಕಳೆಯುವಷ್ಟರಲ್ಲಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅದನ್ನು ಕೇಳಿದ ದಿನ ಅಪ್ಪ ಅಳಲಿಲ್ಲ, ವೈದ್ಯರಿಗೆ ಬೈದರು, ಆಮೇಲೆ ಬಸ್ಸಿನಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡು, "ಒರೆತ್ತಾ, ಬೆಲ್ಕಾರಿಗೆ ಕರ್ಕೊಂಡು ಹೋಗೇ. ಆ ದೇವದೂತನ ಚಿತ್ರ ಇದ್ಯಲ್ಲ, ಅದ್ರಲ್ಲಿ ಪಾರಿವಾಳ ಇದೆ. ನಿಮ್ಮಮ್ಮ ಅದನ್ನ ನೋಡ್ದಾಗಲೆಲ್ಲ ಏನೋ ಒಂದು ಅಂತಿದ್ಲು, ನಾವಿಬ್ರೂ ನಗ್ತಿದ್ವಿ. ಏನಂತಿದ್ಲು ಅನ್ನೋದೇ ಮರ್ತುಹೋಗಿದೆ ಕಣೇ. ಆ ಪಾರಿವಾಳ ಸಿಕ್ರೆ ಮಾತೂ ಸಿಗುತ್ತೆ" ಎಂದರು. ನಮ್ಮಮ್ಮ ಫೆರ್ನಾಂದಾ ತೀರಿಕೊಂಡು ಬಹಳ ಕಾಲವಾಯಿತು. ನನಗೆ ಆ ಮಾತು ಗೊತ್ತಿರಲಿಲ್ಲ.

ಹೀಗೆ ತಿಂಗಳ ಮೊದಲ ಭಾನುವಾರ, ಟಿಕೆಟ್ಟಿಲ್ಲದ ದಿನ, ನಾವಿಬ್ಬರೂ ತಮ್ಮನ್ನು ಕೊರಳಿಗೆ ಕಟ್ಟಿಕೊಂಡು ತಮ್ಮ ಪ್ರವಾಸಕ್ಕೆ ಸೇರಿಕೊಂಡೆವು. ಹಿಂದೆ ಒಂದು ಡಚ್ಚರ ಗುಂಪಿತ್ತು. ತಾವು ಒಂದೊಂದು ಚಿತ್ರಕ್ಕೂ ಅಳೆದು ತೂಗಿ ಮಾತಾಡಿ, "ದಯವಿಟ್ಟು ಮುಂದಿನ ಕೋಣೆಗೆ ನಡೆಯಿರಿ" ಎಂದು ಆಜ್ಞಾಪಿಸುತ್ತಿದ್ದ ಚಂದಕ್ಕೆ ಅಪ್ಪ, "ಜನ ಇಳಿಯೋಕೆ ಮುಂಚೆ ಬಾಗಿಲು ಹಾಕ್ತಾನಲ್ಲ ಇವನು! ನಾನು ಹಿಂಗೆ ಮಾಡಿದ್ರೆ ಲೈಸೆನ್ಸ್ ಕಿತ್ಕೊಳ್ತಿದ್ರು" ಎಂದು ವೃತ್ತಿಬಾಂಧವರ ನೆಲೆಯಲ್ಲಿ ತಮ್ಮನ್ನು ವಿಮರ್ಶಿಸಿದರು. ಅದನ್ನು ತಾವು ಅನ್ಯಥಾ ಭಾವಿಸಬಾರದು.

ಕೊನೆಗೆ ಆ ಚಿತ್ರ ಬಂತು. ದೇವದೂತ ಮೇರಿ ಮಾತೆಗೆ ಮಗುವಿನ ಸುದ್ದಿ ತಂದಿರುವ ಚಿತ್ರ. ಇಂಥ ಚಿತ್ರಗಳಲ್ಲಿ ಪವಿತ್ರಾತ್ಮವನ್ನು ಬಿಳಿ ಪಾರಿವಾಳವಾಗಿ ಬಿಡಿಸುವುದು ವಾಡಿಕೆ. ಅಪ್ಪ ಟೋಪಿ ತೆಗೆದು, ತಮ್ಮನ್ನು ಬಾಯಿಯ ಹತ್ತಿರ ಹಿಡಿದು, ಅತ್ಯಂತ ಮರ್ಯಾದೆಯಿಂದ ‘ಲಾ ಹೊಲೊಂಬಾ’ ಎಲ್ಲಿದೆ ಎಂದು ಕೇಳಿದರು. ಪಾರಿವಾಳಕ್ಕೆ ಶಿಷ್ಟರು ‘ಲಾ ಕೊಲೊಂಬಾ’ ಎನ್ನುತ್ತಾರೆ. ತಾವು ಕ್ಷಣ ಯೋಚಿಸಿ, ‘ಕ’ಕಾರ ಕಾಣದೆ, ನಮ್ಮ ‘ಹ’ಕಾರವನ್ನು ಗಾಳಿಗೆ ಬಿಟ್ಟು, ಉಳಿದಿದ್ದನ್ನು ‘ಲೊಂಬ್ರಾ’ ಎಂದು ತಿದ್ದಿಕೊಂಡಿರಿ. ಹಾಗೆಂದರೆ ನೆರಳು. "ನೆರಳಿನ ಬಗ್ಗೆ ಕೇಳಿದ್ದಕ್ಕೆ ಧನ್ಯವಾದಗಳು" ಎಂದು ಶುರುಮಾಡಿ, ಆ ಕಾಲದ ಚಿತ್ರಕಾರರು ನೆರಳನ್ನು ಹೇಗೆ ಬಿಡಿಸಿದರು, ಯಾವ ಬಣ್ಣ ಬೆರೆಸಿದರು, ನೆರಳಿಲ್ಲದೆ ಬೆಳಕಿಗೆ ಹೇಗೆ ಬೆಲೆಯಿಲ್ಲ ಎಂಬುದನ್ನೆಲ್ಲ ಕಣ್ಣು ಕಳೆದುಕೊಳ್ಳುತ್ತಿರುವ ಮುದುಕರೊಬ್ಬರಿಗೆ ವಿಸ್ತಾರವಾಗಿ ಬೋಧಿಸಿದಿರಿ. ಅಪ್ಪ ಎಲ್ಲವನ್ನೂ ಕೇಳಿ, "ನೆರಳು ನನ್ಹತ್ರ ಬೇಕಾದಷ್ಟಿದೆ ಮಾರಾಯ, ನಿಂಗೆ ಬೇಕಿದ್ರೆ ಕೊಡ್ತೀನಿ" ಎಂದರು. ತಾವು ಅದನ್ನೂ ಹೊಸ ಪ್ರಶ್ನೆಯೆಂದು ತಿಳಿದು ಮತ್ತೆ ಮೊದಲಿಂದ ಹೇಳಿದಿರಿ.

ಆಗ ಅನಿವಾರ್ಯವಾಗಿ ನಾನೇ ಬಾಯಿ ಬಿಟ್ಟೆ. ನನಗೆ ಕಲೆಯ ಗಂಧಗಾಳಿಯಿಲ್ಲ, ಕಂಡದ್ದು ಹೇಳಬಲ್ಲೆ ಅಷ್ಟೆ. "ದೇವದೂತ ಬಾಗಿಲು ತಟ್ಟದೆ ಒಳಗೆ ನುಗ್ಗಿದಾನೆ ಅಪ್ಪಾ, ಗ್ಯಾಸ್ ಮೀಟರ್ ನೋಡೋಕೆ ಬಂದೋನ ಥರ. ಮೂಗು ನೋಡಿದ್ರೆ ಥೇಟ್ ನಮ್ಮ ಔಷಧಿ ಅಂಗಡಿಯವನು. ಪಾಪ ಮೇರಿ ಮಾತೆ ಏನೋ ಓದ್ತಾ ಕೂತಿದಾಳೆ, ‘ಇವನು ಈಗ್ಲೇ ಬರ್ಬೇಕಿತ್ತಾ’ ಅನ್ನೋ ಮುಖ" ಎಂದೆಲ್ಲ ಹೇಳುತ್ತಿದ್ದರೆ ಅಪ್ಪ ನಗುತ್ತ, ಯಾವ ಮೂಲೆ ಎಂದು ಕೇಳಲು ಊರುಗೋಲು ಮೇಲೆತ್ತಿದರು. ಗೈಡಿನ ಛತ್ರಿಯ ಹಾಗೆ ಎತ್ತಿದ ಕೋಲು ಕಂಡರೆ ಪ್ರವಾಸಿಗಳು ಸುಮ್ಮನಿರುತ್ತಾರೆಯೇ? ಡಚ್ಚರೆಲ್ಲ ಕಿವಿಯಿಂದ ತಮ್ಮನ್ನು ಕಿತ್ತು, ನಮ್ಮ ಸುತ್ತ ನೆರೆದು, ಒಂದಕ್ಷರ ಅರ್ಥವಾಗದಿದ್ದರೂ ತಲೆದೂಗತೊಡಗಿದರು.

ತಮಗೆ ಆದ ಈ ಅವಮಾನವನ್ನು ತಡೆಯಲು ಕಾವಲಿನ ಲೊರಿಯಾನಾ ಎಂಬವರು ಓಡಿ ಬಂದರು. ಅವರು ನಮ್ಮೂರಿಗೂ ತಮ್ಮೂರಿಗೂ ಆಗಿಬರದ ಪಕ್ಕದ ಪ್ರಾತೊ ಊರಿನವರು, ನಮ್ಮೂರಿನವರನ್ನು ಗದರಿಸುವ ಅವಕಾಶ ಪ್ರಾತೊದವರಿಗೆ ದಿನವೂ ಸಿಗುವುದಿಲ್ಲ. "ಪರವಾನಗಿ ಇಲ್ದೆ ಗುಂಪಿಗೆ ವಿವರಿಸೋ ಹಾಗಿಲ್ಲ ಕಣ್ರೀ. ಇನ್ನೊಂದ್ಸಲ ಬಾಯಿ ಬಿಟ್ರೆ ಇಬ್ರನ್ನೂ ಒಳಗೇ ಬಿಡಲ್ಲ" ಎಂದರು. ಇವರು ನನ್ನ ಅಪ್ಪ, ಗುಂಪಲ್ಲ ಎಂದೆ. ಲೊರಿಯಾನಾ ನಮ್ಮ ಹಿಂದೆ ನಿಂತಿದ್ದ ಡಚ್ಚರ ಕಡೆ ಕೈ ತೋರಿಸಿದರು. ನಾನು ಬಾಯಿ ಮುಚ್ಚಿಕೊಂಡೆ, ಅಪ್ಪನಿಗೆ ಚಿತ್ರವೂ ಮುಚ್ಚಿತು. ಪಾರಿವಾಳ ಹುಡುಕುವುದು ಹಾಗೇ ಉಳಿಯಿತು.

ಆದ್ದರಿಂದ ಅಂದು ರಾತ್ರಿಯೇ ತಮಗೆ ಕೆಲವು ಸಣ್ಣಪುಟ್ಟ ಕೋರಿಕೆಗಳನ್ನು ಬರೆದಿಟ್ಟುಕೊಂಡೆ. ತಾವು ಒಂದು ಬೇಸಿಗೆ ನನ್ನ ಅಂಗಡಿಯ ಗಲ್ಲಾದ ಮೇಲೆ ಬಂದು ಕೂತು, ನಮ್ಮ ಬೀದಿಯ ಹೆಂಗಸರ ಬಾಯಿಂದ ‘ಹ’ಕಾರ ಕಲಿಯಬೇಕು, ಜೊತೆಗೆ ನಾಲ್ಕು ಬೈಗುಳ ಉಚಿತ. ತಾವು ಒಂದು ಗಂಟಲನ್ನು ಸಂಪಾದಿಸಿ, ಅದಕ್ಕೆ ಶೀತ ಹಿಡಿಸಿಕೊಳ್ಳಬೇಕು. ಅದು ಕಷ್ಟವಾದರೆ ಆ ಚಿತ್ರವನ್ನೇ ಬಿಚ್ಚಿ, ಚಿನ್ನದ ಚೌಕಟ್ಟನ್ನು ನಡುವೆ ಇಟ್ಟು, ಮೇರಿ ಮಾತೆ, ದೇವದೂತ, ಪಾರಿವಾಳ ಎಲ್ಲರನ್ನೂ ಅದರ ಸುತ್ತ ಅಂಚಿಗೆ ಹೊಲಿಸಿಕೊಡಬೇಕು, ದಾರದ ಖರ್ಚು ನನ್ನದು.

ಆದರೆ ನಮ್ಮ ತಂದೆ ತಮಗಿಂತ ದೊಡ್ಡ ಮನುಷ್ಯರು. ಯಂತ್ರಕ್ಕೆ ತಿಳಿಯದಿದ್ದರೆ ತಾನೇ ಕಲಿಯುತ್ತೇನೆ ಎಂದು ಹಟ ಹಿಡಿದು, ತಿಂಗಳೆಲ್ಲ ಬೆಳಿಗ್ಗೆ ಗಡ್ಡ ಹೆರೆಯುವಾಗ ‘ಕೊ, ಕೊ, ಕೊಲೊಂಬಾ’ ಎಂದು ಅಭ್ಯಾಸ ಮಾಡಿದರು. ಮೇಲ್ಮಹಡಿಯ ಅಸ್ಸೂಂತಾ ಕಿಟಕಿಯಿಂದ ಬಗ್ಗಿ, "ಏನ್ರೀ ವಾಸ್ಕೊ, ಕೋಳಿ ಸಾಕಿದೀರಾ? ಮೊಟ್ಟೆ ಇಟ್ರೆ ನಂಗೂ ಎರಡು ಕಳ್ಸಿ" ಎಂದು ಕೇಳುವವರೆಗೂ ಹೋಯಿತು. ಹೋದ ಭಾನುವಾರ ಒಗೆದ ಅಂಗಿ ಹಾಕಿಕೊಂಡು ಮತ್ತೆ ತಮ್ಮ ಮುಂದೆ ಬಂದರು. ಲೊರಿಯಾನಾ ನನ್ನ ಬಾಯಿಯ ಮೇಲೇ ಕಣ್ಣಿಟ್ಟು ನಿಂತಿದ್ದರು. ಅಪ್ಪ ಉಸಿರೆಳೆದುಕೊಂಡು, ರೇಡಿಯೊ ವಾರ್ತೆಯವರ ಹಾಗೆ, ಕಲ್ಲಿನಂಥ ‘ಕ’ಕಾರ ಹಾಕಿ, "ಲಾ ಕೊಲೊಂಬಾ" ಎಂದರು.

ತಮಗೆ ತಕ್ಷಣ ಅರ್ಥವಾಯಿತು, ಅಭಿನಂದನೆಗಳು. "ಈ ಚಿತ್ರದಲ್ಲಿ ಪಾರಿವಾಳವಿಲ್ಲ" ಎಂದಿರಿ. "ಚಿತ್ರಕಾರರು ಅದನ್ನು ಕೈಬಿಟ್ಟಿರುವುದು ಗಮನಾರ್ಹ" ಎಂದೂ ಸೇರಿಸಿದಿರಿ.

ನಾನು ತಲೆಯೆತ್ತಿ ನೋಡಿದೆ. ಮೂಲೆಮೂಲೆ ನೋಡಿದೆ. ದೇವದೂತ ಇದ್ದ, ಲಿಲಿ ಹೂವಿತ್ತು, ಕಿಟಕಿಯಿತ್ತು, ಪರದೆಯಿತ್ತು. ಪಾರಿವಾಳ ಇರಲಿಲ್ಲ. ಅಪ್ಪ, ಅಂಚಿನಲ್ಲಾದರೂ ನನ್ನ ಮುಖ ಕಾಣಲೆಂದು ಕತ್ತು ಓರೆಮಾಡಿ, "ಏನಂತು ಇದು? ಇಲ್ವಂತಾ?" ಎಂದು ಕೇಳಿದರು.

"ಅದಕ್ಕೆ ನಮ್ಮ ಮಾತು ತಿಳಿಯಲ್ಲ ಅಪ್ಪಾ," ಎಂದೆ ಜೋರಾಗಿ, "ಇನ್ನೇನೋ ಕೇಳಿಸ್ಕೊಂಡಿದೆ. ಪಾರಿವಾಳ ಅಲ್ಲೇ ಇದೆ, ಕಿಟಕಿ ಪಕ್ಕ. ಬಿಳೀದು. ಸ್ವಲ್ಪ ದಪ್ಪಗಿದೆ."

"ದಪ್ಪ!" ಎಂದು ಅಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು. "ಅದೇ ಕಣೇ! ‘ಪವಿತ್ರಾತ್ಮವೋ ಏನೋ ವಾಸ್ಕೊ, ಬೆಳ್ಳುಳ್ಳಿ ಹಾಕಿ ಹುರಿದ್ರೆ ಇಬ್ರಿಗೂ ಊಟಕ್ಕಾಗುತ್ತೆ’ ಅಂತಿದ್ಲು!" ಇಡೀ ಕೋಣೆಗೆ ಕೇಳುವ ಹಾಗೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಪರವಾನಗಿಯಿಲ್ಲದ ನನ್ನನ್ನು ಹೊರಗೆ ಹಾಕಬೇಕಾಗಿದ್ದ ಲೊರಿಯಾನಾ, ಗೋಡೆಯ ಕಡೆ ತಿರುಗಿ, ಬೆಂಕಿ ಆರಿಸುವ ಸಿಲಿಂಡರನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು.

ಆದಕಾರಣ, ಮಾನ್ಯರೇ, ಮೇಲೆ ಹೇಳಿದ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡು, ಅವುಗಳ ಬದಲಿಗೆ ಒಂದೇ ಒಂದನ್ನು ಮುಂದಿಡುತ್ತೇನೆ. ದಯವಿಟ್ಟು ರಿಪೇರಿಯಾಗಬೇಡಿ. ಯಾರಾದರೂ ಎಂಜಿನಿಯರ್ ಬಂದು ತಮಗೆ ನಮ್ಮ ‘ಹ’ಕಾರ ಕಲಿಸಲು ಕೂತರೆ ಕೆಟ್ಟುಹೋದ ಹಾಗೆ ನಟಿಸಿ. ಫ್ಲಾರೆನ್ಸಿನ ಮಾತು ತಮಗೆ ಗೊತ್ತಿಲ್ಲ ಎಂಬ ಖ್ಯಾತಿ ಊರಲ್ಲೆಲ್ಲ ಹಬ್ಬಲಿ, ಅದಕ್ಕೆ ನನ್ನ ಅಂಗಡಿಯಿಂದ ಆಗುವ ಸಹಾಯ ನಾನು ಮಾಡುತ್ತೇನೆ. ಚಳಿಗಾಲ ಮುಗಿಯುವವರೆಗೆ ಅಪ್ಪ ಪ್ರತಿ ಮೊದಲ ಭಾನುವಾರ ಬರುತ್ತಾರೆ, ಆಮೇಲೂ ಬರುತ್ತಾರೆ. ಕಾಣುವುದೆಲ್ಲ ಹೋದ ಮೇಲೆ ಅವರಿಗೆ ಆ ಚಿತ್ರದಲ್ಲಿ ಉಳಿಯುವುದು ಅದೊಂದೇ ಹಕ್ಕಿ.

ಕಿವಿ ಕೇಳದವರ ಮೇಲೆ ಅಪಾರ ಗೌರವವುಳ್ಳ,
ತಮ್ಮ ವಿಶ್ವಾಸಿ,
ಒರೆತ್ತಾ ಫಾಂತೆಕಿ
ಗುಂಡಿ-ದಾರದ ಅಂಗಡಿ, ಫ್ಲಾರೆನ್ಸ್

ಮರೆತ ಮಾತು: ಹೊರಡುವಾಗ ಬಾಗಿಲಲ್ಲಿ "ಪ್ರವಾಸ ಹೇಗಿತ್ತು?" ಎಂದು ತಾವು ನನ್ನನ್ನು ಕೇಳಿದಿರಿ. ನಾನು ನಮ್ಮ ಬೀದಿಯ ಭಾಷೆಯಲ್ಲಿ ಒಂದು ಮಾತು ಹೇಳಿದೆ. "ತಮ್ಮ ಮೆಚ್ಚುಗೆ ದಾಖಲಾಗಿದೆ" ಎಂದು ತಾವು ಧನ್ಯವಾದ ಹೇಳಿದಿರಿ. ಅದು ಮೆಚ್ಚುಗೆಯಲ್ಲ. ಆದರೂ ದಾಖಲೆಯಲ್ಲಿ ಹಾಗೇ ಇರಲಿ, ತಮ್ಮ ಮೇಲಧಿಕಾರಿಗಳು ಓದಿ ಸಂತೋಷಪಡಲಿ.