ಕರೆಯದೆ ಬಂದ ನಾಲ್ಕನೇ ಎಳೆಗೆ

ಮಾನ್ಯ ನಾಲ್ಕನೇ ಎಳೆಯವರ ಸನ್ನಿಧಾನಕ್ಕೆ, ಮೂರೇ ಎಳೆ ಹಿಡಿದು ಕೂತಿದ್ದ ಬಡಪಾಯಿ ಸೊಸೆಯೊಬ್ಬಳ ಅನಂತ ವಂದನೆಗಳು.

ಮಾನ್ಯರೇ, ತಾವು ಕ್ಷೇಮವೆಂದು ಬಲ್ಲೆ. ನನ್ನ ನಾದಿನಿಯ ಹಸುಗೂಸಿಗೆಂದು ಹೆಣೆದ ಕಂಬಳಿಯೊಳಗೆ ಬೆಚ್ಚಗೆ ಸೇರಿಕೊಂಡವರಿಗೆ ಕ್ಷೇಮಕ್ಕೇನು ಕೊರತೆ? ಮನೆಯಲ್ಲಿದ್ದ ಉಣ್ಣೆ ದಾರ ತೀರಾ ತೆಳು. ಒಂದೇ ಎಳೆಯಲ್ಲಿ ಹೆಣೆದರೆ ಮಗು ಶಾಲೆಗೆ ಹೊರಡುವ ಹೊತ್ತಿಗೆ ಕಂಬಳಿ ಮುಗಿದೀತೆಂದು, ಬಿಳಿ, ತಿಳಿಹಳದಿ, ಬೂದಿ ಬಣ್ಣದ ಮೂರು ಉಂಡೆಗಳ ಎಳೆಗಳನ್ನು ಒಟ್ಟಿಗೆ ಹಿಡಿದು ದಪ್ಪ ಕ್ರೋಶಾ ಕಡ್ಡಿಯಲ್ಲಿ ಹೆಣೆಯತೊಡಗಿದ್ದೆ. ಆಹ್ವಾನವಿದ್ದದ್ದು ಆ ಮೂವರಿಗೆ ಮಾತ್ರ.

ಪಕ್ಕದ ಕುರ್ಚಿಯಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಬೆಳಿಗ್ಗೆಯಷ್ಟೇ ಅವರ ಮಗಳು ಫೋನಿನಲ್ಲಿ, "ನೀನು ಬರೋದು ಬೇಡಮ್ಮ, ಮನೆ ಚಿಕ್ಕದು, ಕಂಬಳಿ ಕೊರಿಯರ್ ಮಾಡ್ಸು ಸಾಕು" ಎಂದಿದ್ದಳು. ಮೊಮ್ಮಗಳ ಮುಖವನ್ನೇ ಇನ್ನೂ ಕಾಣದ ಅತ್ತೆ "ಆಯ್ತಮ್ಮ" ಎಂದವರು, ಊಟ ಅರ್ಧಕ್ಕೆ ಬಿಟ್ಟು, ತಮ್ಮ ಬೂದಿ ಬಣ್ಣದ ಸ್ವೆಟರ್ ತೊಟ್ಟು ಬಂದು ಹಾಗೇ ಒರಗಿದ್ದರು.

ಆಗಲೇ ತಮ್ಮ ಆಗಮನ. ಆ ಸ್ವೆಟರಿನ ಅಂಚಿನಿಂದ ಇಳಿದು, ಕುರ್ಚಿಯ ಕೈ ದಾಟಿ, ನನ್ನ ಬುಟ್ಟಿಗೆ ಬಿದ್ದು, ಬೆರಳ ಸಂದಿಗೆ ಸೇರಿಕೊಂಡ ತಮ್ಮ ನಯವೇನು, ವಿನಯವೇನು! ಕರೆಯದೆ ಊಟಕ್ಕೆ ಬಂದವರೂ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಾರೆ. ತಾವು ಅದನ್ನೂ ಮಾಡಲಿಲ್ಲ. ನಾನು ಟಿವಿ ನೋಡುತ್ತಾ ಹೆಣೆದಂತೆಲ್ಲ ಕಂಬಳಿ ಬೆಳೆಯಿತು, ಸ್ವೆಟರ್ ಕರಗಿತು. ಕಂಬಳಿ ಇದ್ದಕ್ಕಿದ್ದಂತೆ ದಪ್ಪಗಾದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಡ್ಡಿ ಎಳೆದಾಗಲೆಲ್ಲ ಅತ್ತೆ ನನ್ನತ್ತ ವಾಲುವುದನ್ನು ಕಂಡು, ಎಷ್ಟಾದರೂ ಸೊಸೆಯ ಮೇಲೆ ಪ್ರೀತಿ ಎಂದು ಹಿಗ್ಗಿದೆ. ಸ್ವೆಟರ್ ಅವರ ಕಂಕುಳ ತನಕ ಏರಿದಾಗಲೇ ನನಗೆ ಜ್ಞಾನೋದಯವಾದದ್ದು.

ಕತ್ತರಿ ತಂದೆ. ಅತ್ತೆ ತಟ್ಟನೆ ಎದ್ದು ಕೂತು, "ಮುಟ್ಟಬೇಡ! ಎಳೆ ಕತ್ತರಿಸಿದ್ರೆ ಕಂಬಳಿಯೆಲ್ಲ ಬಿಚ್ಚಿಹೋಗುತ್ತೆ. ನಾನೇ ಅದರ ಜೊತೆ ಹೋಗ್ತೀನಿ ಬಿಡು" ಎಂದರು. ನಾನು ಹುಟ್ಟುವ ಮೊದಲಿಂದ ಹೆಣೆಯುತ್ತಿರುವವರಿಗೆ ಎದುರಾಡುವುದುಂಟೇ? ನಮ್ಮ ಯಜಮಾನರು ಕೊರಿಯರ್ ಆಫೀಸಿಗೆ ಫೋನ್ ಮಾಡಿ, ಪಾರ್ಸೆಲಿಗೆ ಹಿರಿಯರೊಬ್ಬರು ಅಂಟಿಕೊಂಡಿದ್ದಾರೆ, ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿದರು. ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಆದ್ದರಿಂದ ಮಾನ್ಯರೇ, ತಾವು ಇಂದು ಸಂಜೆಯೊಳಗೆ ಬಂದ ದಾರಿಯಲ್ಲೇ ಹಿಂದಿರುಗಿ ಪುನಃ ಸ್ವೆಟರ್ ಆಗಬೇಕೆಂದು ಕೋರುತ್ತೇನೆ. ಅದಾಗದಿದ್ದಲ್ಲಿ, ನಾಳೆ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು, ನಾದಿನಿಯ ಬಾಗಿಲು ದಾಟಿ, ಮಗು ಅತ್ತೆಯ ಮಡಿಲಿಗೆ ಬರುವ ತನಕ ಹರಿಯದೆ ಸಹಕರಿಸಬೇಕು. ಆಮೇಲೆ ಹರಿದರೂ ನಮ್ಮ ಅಭ್ಯಂತರವಿಲ್ಲ.

ಮೋಸಹೋಗಿಯೂ ತಮ್ಮ ವಿಶ್ವಾಸಿ,
ಮೂರೆಳೆಯ ಸೊಸೆ

ತಾ.ಕ.: ಸ್ವೆಟರಿನ ಅಂಚಿನ ಗಂಟು ತಾನಾಗಿಯೇ ಬಿಚ್ಚಿಕೊಂಡಿತೆಂದು ತಾವು ವಾದಿಸಬಹುದು. ಆದರೆ ಅತ್ತೆ ಕನ್ನಡಕ ಹಾಕಿಕೊಂಡೇ ಗೊರಕೆ ಹೊಡೆದದ್ದನ್ನು ನಾನು ಕಂಡದ್ದು ಇದೇ ಮೊದಲು. ಅವರ ಬಟ್ಟೆಯ ಚೀಲವೂ ಆಗಲೇ ಕುರ್ಚಿಯ ಹಿಂದೆ ತುಂಬಿ, ಜಿಪ್ ಎಳೆದುಕೊಂಡು ಕೂತಿತ್ತು.